ಕರ್ಮಭೂಮಿಯ ನೇಗಿಲು

ಅಶ್ವಘೋಷನ ‘ಬುದ್ಧಚರಿತ’ದ ಐದನೆಯ ಸರ್ಗದಲ್ಲಿ, ರಾಜಕುಮಾರನು ಮನೆ ತೊರೆಯುವುದಕ್ಕೆ ತುಸು ಮೊದಲು ನಡೆದುದಾಗಿ ಹೇಳುವ ಒಂದು ಪ್ರಸಂಗವುಂಟು. ಮುಪ್ಪು, ರೋಗ, ಮರಣಗಳನ್ನು ಕಂಡು ಕದಡಿದ ಮನಸ್ಸನ್ನು ವನದರ್ಶನದಿಂದ ತಿಳಿಗೊಳಿಸಿಕೊಳ್ಳಬೇಕೆಂದು ಕುದುರೆಯೇರಿ ಹೊರಟ ಸಿದ್ಧಾರ್ಥನ ಕಣ್ಣಿಗೆ ದಾರಿಯಲ್ಲಿ ಬೀಳುವುದು ಉಳುತ್ತಿರುವ ಹೊಲ. ನೇಗಿಲ ಸಾಲಿನಲ್ಲಿ ಕಿತ್ತು ಚೆದುರಿದ ಎಳೆಹುಲ್ಲು, ಮಗುಚಿದ ಮಣ್ಣಿನಲ್ಲಿ ಸತ್ತುಬಿದ್ದ ಹುಳುಗಳು, ಒಡೆದ ಮೊಟ್ಟೆಗಳು, ಬಿಸಿಲಿಗೂ ಗಾಳಿಗೂ ಧೂಳಿಗೂ ಮೈಬಣ್ಣ ಕೆಟ್ಟ ಉಳುವವರು, ನೊಗದ ಭಾರಕ್ಕೆ ಬಳಲಿದ ಎತ್ತುಗಳು, ಇವನ್ನೆಲ್ಲ ನೋಡಿ ಬಂಧುಗಳೇ ಸತ್ತರೆಂಬಂತೆ ಮರುಗಿದ ಆತನು ಕುದುರೆಯಿಂದಿಳಿದು, ನೇರಿಳೆಮರದ ಬುಡದಲ್ಲಿ ಕುಳಿತು, ಮೊದಲನೆಯ ಧ್ಯಾನವನ್ನು ಪಡೆಯುತ್ತಾನೆ. ಬುದ್ಧನ ವೈರಾಗ್ಯವನ್ನು ಕಥಿಸುವವರು ಮುದುಕ, ರೋಗಿ, ಶವ, ಸಂನ್ಯಾಸಿ ಎಂಬ ನಾಲ್ಕು ನೋಟಗಳನ್ನು ನೆನೆಯುವರೇ ಹೊರತು ಈ ಹೊಲದ ನೋಟವನ್ನು ಅಷ್ಟಾಗಿ ನೆನೆಯುವುದಿಲ್ಲ. ನನಗಾದರೋ ಇದೇ ಎಲ್ಲಕ್ಕಿಂತ ಕಠಿನವಾದುದಾಗಿ ತೋರುತ್ತದೆ. ಮುಪ್ಪು, ರೋಗ, ಮರಣಗಳು ನಮಗೆ ಬಂದೊದಗುವಂಥವು; ಉಳುಮೆಯು ನಾವಾಗಿ ಮಾಡುವಂಥದು, ಮಾಡದೆ ಹೋದರೆ ಉಣ್ಣಲಾಗದಂಥದು.

ನಿಜವಾದ ತೊಡಕು ಇಲ್ಲಿದೆ. ಬೇಟೆಯನ್ನು ಬಿಡಬಹುದು, ಮಾಂಸವನ್ನು ಬಿಡಬಹುದು, ಯುದ್ಧವನ್ನು ಬಿಡಬಹುದು, ಅನ್ನವನ್ನು ಬಿಡುವಂತಿಲ್ಲ. ಅನ್ನವು ನೇಗಿಲಿನಿಂದ ಬರುವುದಾದರೆ, ನೇಗಿಲಿನ ಮೊನೆಯಲ್ಲಿ ಸತ್ತ ಜೀವಗಳ ಋಣವು ಯಾರ ಮೇಲೆ ನಿಲ್ಲುವುದು? ಮೇಣಿಯನ್ನು ಹಿಡಿದವನ ಮೇಲೆಯೋ, ನೆರಳಿನಲ್ಲಿ ಕುಳಿತು ಉಂಡವನ ಮೇಲೆಯೋ? ಮಳೆ, ಮಣ್ಣು, ಎತ್ತರ, ಇಳಿಜಾರುಗಳು ಊರಿಂದೂರಿಗೆ ಬೇರೆಯಾಗಿ, ಒಂದು ನೆಲದಲ್ಲಿ ಭತ್ತವೂ ಇನ್ನೊಂದರಲ್ಲಿ ಜೋಳವೂ ಮತ್ತೊಂದರಲ್ಲಿ ಹುಲ್ಲು ಮಾತ್ರವೂ ಬೆಳೆಯುವ ಈ ಲೋಕದಲ್ಲಿ, ಆಹಾರದ ಧರ್ಮವು ಎಲ್ಲೆಡೆಗೂ ಒಂದೇ ಆಗಿರಲು ಸಾಧ್ಯವೇ? ಮೊದಲನೆಯ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹುಕಾಲ ಚರ್ಚಿಸಿದ್ದಾರೆ. ಎರಡನೆಯದನ್ನು ಭೂಗೋಲದ ಮೇಷ್ಟರಿಗೆ ಬಿಟ್ಟುಕೊಟ್ಟಿದ್ದಾರೆ. ಎರಡನ್ನೂ ಒಂದೇ ಜಗಲಿಯ ಮೇಲೆ ಕೂಡಿಸಿ ನೋಡಬೇಕೆಂಬುದು ನನ್ನ ಬಯಕೆ.

ಪಾಲಿಯ ‘ಸುತ್ತನಿಪಾತ’ದಲ್ಲಿ ಬರುವ ಕಸಿಭಾರದ್ವಾಜನು ಮೊದಲನೆಯ ಪ್ರಶ್ನೆಯನ್ನು ಒಕ್ಕಲಿಗನ ನೇರವಾದ ನಾಲಗೆಯಿಂದಲೇ ಕೇಳಿದವನು. ಮಗಧದ ಏಕನಾಲವೆಂಬ ಹಳ್ಳಿಯಲ್ಲಿ ಬಿತ್ತನೆಯ ಕಾಲಕ್ಕೆ 500 ನೇಗಿಲುಗಳನ್ನು ಹೂಡಿ ನಿಂತಿದ್ದ ಈ ಬ್ರಾಹ್ಮಣನು, ಭಿಕ್ಷಾಪಾತ್ರೆಯೊಡನೆ ಬಂದ ಗೌತಮನನ್ನು ಕುರಿತು, ತಾನು ಉತ್ತು ಬಿತ್ತಿ ಉಣ್ಣುವವನು, ನೀನೂ ಹಾಗೆಯೇ ಮಾಡಿ ಉಣ್ಣಬಾರದೇಕೆ ಎಂಬರ್ಥದ ಮಾತನ್ನಾಡುತ್ತಾನೆ. ತಾನೂ ಉಳುವವನೇ ಎಂದು ಹೇಳಿ, ಶ್ರದ್ಧೆಯನ್ನು ಬೀಜವಾಗಿಯೂ ತಪಸ್ಸನ್ನು ಮಳೆಯಾಗಿಯೂ ರೂಪಿಸಿ ಬುದ್ಧನು ಕೊಟ್ಟ ಉತ್ತರವು ಸುಂದರವಾದ ರೂಪಕವೆಂಬುದರಲ್ಲಿ ಸಂದೇಹವಿಲ್ಲ. ಬ್ರಾಹ್ಮಣನಿಗೆ ಅದರಿಂದ ತೃಪ್ತಿಯಾಯಿತೆಂದು ಸುತ್ತವು ಹೇಳುತ್ತದೆ. ಆದರೆ ರೂಪಕದ ಹೊಲದಲ್ಲಿ ಹುಳುಗಳು ಸಾಯುವುದಿಲ್ಲ. ರೂಪಕದ ಬೆಳೆಯಿಂದ ಹೊಟ್ಟೆಯೂ ತುಂಬುವುದಿಲ್ಲ. ಬ್ರಾಹ್ಮಣನು ಕೇಳಿದುದು ಜೋಳಿಗೆಯ ಮಾತು, ಪಡೆದುದು ಆತ್ಮದ ಮಾತು; ಆತನ ಪ್ರಶ್ನೆಯು ಹೊಲದಲ್ಲಿಯೇ ಉಳಿಯಿತೆಂದು ನಾನು ಅನೇಕ ಸಲ ಅಂದುಕೊಂಡಿದ್ದೇನೆ.

ಸಂಘದ ನಿಯಮಗಳನ್ನು ನೋಡಿದರೆ ಆ ಪ್ರಶ್ನೆಯ ಮುಳ್ಳು ಸಂಘಕ್ಕೂ ತಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಭಿಕ್ಷುವು ನೆಲವನ್ನು ಅಗೆಯಕೂಡದು, ಅಗೆಯಿಸಕೂಡದು. ಹಸಿರು ಗಿಡವನ್ನು ಕೀಳಕೂಡದು. ಮೊಳೆಯಬಲ್ಲ ಬೀಜವುಳ್ಳ ಹಣ್ಣನ್ನು ಗೃಹಸ್ಥನೊಬ್ಬನು ಬೆಂಕಿಯಿಂದಲೋ ಚೂರಿಯಿಂದಲೋ ಉಗುರಿನಿಂದಲೋ ಸೋಂಕಿಸಿ ‘ಕಪ್ಪಿಯ’ವನ್ನಾಗಿ ಮಾಡಿಕೊಟ್ಟ ಮೇಲೆ ತಿನ್ನಬಹುದು. ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲುವ ವರ್ಷಾವಾಸವು ಹುಟ್ಟಿದ್ದೂ, ಹಕ್ಕಿಗಳು ಕೂಡ ಗೂಡು ಸೇರುವ ಕಾಲದಲ್ಲಿ ಈ ಶ್ರಮಣರು ಎಳೆಯ ಪೈರನ್ನು ತುಳಿದು ಕ್ರಿಮಿಕೀಟಗಳನ್ನು ಕೊಲ್ಲುತ್ತ ಅಲೆಯುತ್ತಾರೆಂದು ಜನ ದೂರಿದುದರಿಂದಲೇ. ಮುಂಗಾರಿನ ದೇಶದಲ್ಲಿ ಹುಟ್ಟಿದ ಧರ್ಮಕ್ಕೆ ಮಾತ್ರ ಹೊಳೆಯಬಹುದಾದ ವ್ರತವಿದು. ವರ್ಷವಿಡೀ ತುಂತುರು ಬೀಳುವ ನಾಡಿನಲ್ಲಿ ಬುದ್ಧನು ಜನಿಸಿದ್ದರೆ ವರ್ಷಾವಾಸವಿರುತ್ತಿತ್ತೇ ಎಂದು ಕೇಳಿದರೆ ಅದು ಕುಚೋದ್ಯವಾಗಲಾರದು. ಅದು ಹೇಗೇ ಇರಲಿ. ಭಿಕ್ಷುವಿನ ಕೈ ಶುದ್ಧವಾಗಿರಬೇಕಾದರೆ ಮತ್ತೊಬ್ಬನ ಕೈ ಮಣ್ಣಾಗಿರಬೇಕು. ಹೀನಾಯವಾಗಿ ಇದನ್ನು ಹೇಳುತ್ತಿಲ್ಲ. ಈ ವ್ಯವಸ್ಥೆಯನ್ನು ಅದರ ನಿರ್ಮಾತೃಗಳೇ ಬಲ್ಲರು. ಆದ್ದರಿಂದಲೇ ದಾನವೆಂಬುದಕ್ಕೆ ಅಷ್ಟು ಪುಣ್ಯವನ್ನು ಕಟ್ಟಿದರು.

ಚೀನಕ್ಕೆ ಹೋದ ಬೌದ್ಧಧರ್ಮವು ಈ ಗಂಟನ್ನು ಬೇರೆ ಬಗೆಯಾಗಿ ಬಿಚ್ಚಲೆಳಸಿತು. ಗಟ್ಟಿಮುಟ್ಟಾದ ದೇಹವುಳ್ಳವನು ಮನೆಮನೆಯ ಬಾಗಿಲಲ್ಲಿ ಬೇಡುವುದನ್ನು ಗೌರವದಿಂದ ಕಾಣದ ಆ ಸಮಾಜದಲ್ಲಿ, ಊರುಗಳಿಂದ ದೂರವಾದ ಬೆಟ್ಟಗಳ ಮೇಲೆ ನಿಂತ ಮಠಗಳಿಗೆ ಭಿಕ್ಷೆಯೊಂದರಿಂದಲೇ ಬಾಳುವುದು ಸುಲಭವಾಗಿರಲಿಲ್ಲ. ಎಂಟನೆಯ ಶತಮಾನದ ಚಾನ್ ಗುರು ಬೈಝಾಂಗನ ಹೆಸರಿನೊಡನೆ ಬಂದ ಸಂಪ್ರದಾಯದಲ್ಲಿ ಭಿಕ್ಷುಗಳೇ ಹಾರೆಗುದ್ದಲಿ ಹಿಡಿದರು. ಮುದಿಗುರುವಿನ ಮೇಲಣ ಕರುಣೆಯಿಂದ ಶಿಷ್ಯರು ಆತನ ಸಲಕರಣೆಗಳನ್ನು ಅಡಗಿಸಿಟ್ಟರೆಂದೂ, ದುಡಿಯದ ದಿನ ಆತನು ಊಟವನ್ನೂ ಒಲ್ಲೆನೆಂದನೆಂದೂ, ಕಡೆಗೆ ಶಿಷ್ಯರೇ ಸೋತು ಹಾರೆಯನ್ನು ಹಿಂದಕ್ಕೆ ಕೊಟ್ಟರೆಂದೂ ಕಥೆಯುಂಟು. ಒಂದೇ ಧರ್ಮ, ಒಂದೇ ಅಹಿಂಸೆ. ಗಂಗೆಯ ಬಯಲಿನಲ್ಲಿ ನೆಲ ಅಗೆಯುವುದು ದೋಷವಾಯಿತು, ಚೀನದ ಬೆಟ್ಟದ ಮೇಲೆ ಅಗೆಯದಿರುವುದು ದೋಷವಾಯಿತು.

ಈ ವಿಚಾರದಲ್ಲಿ ಅತ್ಯಂತ ಸೂಕ್ಷ್ಮವಾಗಿಯೂ ಅತ್ಯಂತ ಪ್ರಾಮಾಣಿಕವಾಗಿಯೂ ತಲೆ ಕೆಡಿಸಿಕೊಂಡವರು ಜೈನರು. ಕನ್ನಡಿಗನಿಗೆ ಇದನ್ನು ತಿಳಿಯಲು ಗ್ರಂಥಭಂಡಾರಕ್ಕೆ ಹೋಗಬೇಕಾದುದಿಲ್ಲ, ತನ್ನ ನಾಲಗೆಯ ಮೇಲಿರುವ ಒಂದು ಶಬ್ದವನ್ನು ತಿರುಗಿಸಿ ನೋಡಿದರೆ ಸಾಕು. ನಮ್ಮ ಹಳ್ಳಿಗಳಲ್ಲಿ ಬೇಸಾಯಕ್ಕೆ ‘ಆರಂಭ’ವೆನ್ನುತ್ತಾರೆ, ‘ಆರಂಬ’ವೆಂದು ಒತ್ತಿಲ್ಲದೆ ಆಡುವುದೇ ಹೆಚ್ಚು, ಮಾಡುವವನು ಆರಂಬಗಾರ. ಜೈನಾಚಾರದ ಪರಿಭಾಷೆಯಲ್ಲಿಯೂ ‘ಆರಂಭ’ವೆಂಬ ಮಾತುಂಟು, ಅಲ್ಲಿ ಅದಕ್ಕೆ ಜೀವಹಿಂಸೆಗೆ ಎಡೆಗೊಡುವ ಗೃಹಕೃತ್ಯವೆಂದು ಅರ್ಥ. ಅಡುವುದು, ಬೀಸುವುದು, ಗುಡಿಸುವುದು, ಅಗೆಯುವುದು ಎಲ್ಲವೂ ಆರಂಭವೇ. ಒಂದೇ ಶಬ್ದವು ಹೊಲದಲ್ಲಿ ಬದುಕಿನ ಹೆಸರಾಗಿಯೂ ಬಸದಿಯಲ್ಲಿ ಪಾಪದ ಹೆಸರಾಗಿಯೂ ನಿಂತಿರುವುದನ್ನು ಕಂಡಾಗ, ಭಾಷೆಯು ನಮಗಿಂತ ಮೊದಲೇ ಈ ಪ್ರಶ್ನೆಯನ್ನು ಯೋಚಿಸಿ ಮುಗಿಸಿದೆಯೋ ಎಂದೆನಿಸುತ್ತದೆ.

ಜೈನಶಾಸ್ತ್ರಕಾರರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಮನೆವಾರ್ತೆಯಲ್ಲಿ ಆಗುವುದು ಆರಂಭೀ. ಜೀವನೋಪಾಯದ ಕಸುಬಿನಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಗಾಗಿ ಮಾಡುವುದು ವಿರೋಧೀ. ಶ್ರಾವಕನು ಮೊದಲನೆಯದನ್ನು ಸಂಪೂರ್ಣವಾಗಿ ತೊರೆಯಬೇಕು. ಉಳಿದವುಗಳಲ್ಲಿ ಆದಷ್ಟು ಎಚ್ಚರದಿಂದಿರಬೇಕು. ಉಳುವವನು ಹುಳುವನ್ನು ಕೊಲ್ಲಬೇಕೆಂದು ಉಳುವುದಿಲ್ಲ. ಆದಕಾರಣ ಅವನು ಬೇಡನ ಸಾಲಿಗೆ ಸೇರುವವನಲ್ಲ. ತರ್ಕವೇನೋ ಸರಿ. ಆದರೂ ಶ್ವೇತಾಂಬರ ಪರಂಪರೆಯಲ್ಲಿ ವರ್ಜ್ಯವೆಂದು ಎಣಿಸಿದ 15 ಕರ್ಮಾದಾನಗಳಲ್ಲಿ ನೆಲವನ್ನೊಡೆಯುವ ಸ್ಫೋಟಕರ್ಮವೂ ಒಂದು; ಇನ್ನೊಂದೆಡೆ ‘ಉಪಾಸಕದಶಾ’ಸೂತ್ರದಲ್ಲಿ ಮಹಾವೀರನ ಆದರ್ಶ ಶ್ರಾವಕನಾದ ಆನಂದನು ವ್ರತ ಹಿಡಿಯುವಾಗ ತನ್ನ ಉಳುಮೆಯನ್ನು 500 ನೇಗಿಲುಗಳಿಗೆ ಮಿತಿಗೊಳಿಸಿಕೊಳ್ಳುತ್ತಾನೆ! ಕಸಿಭಾರದ್ವಾಜನಿಗೂ 500, ಆನಂದನಿಗೂ 500. ಆ ಕಾಲದ ಕಥೆಗಾರರ ಬಾಯಲ್ಲಿ ಐನೂರೆಂದರೆ ‘ಬೇಕಾದಷ್ಟು’ ಎಂದರ್ಥವೆಂದು ಕಾಣುತ್ತದೆ. ಅಷ್ಟು ನೇಗಿಲುಗಳನ್ನು ಇಟ್ಟುಕೊಳ್ಳುವುದು ಮಿತಿಯೇ ಎಂದು ನಾವು ನಗಬಹುದು. ಆದರೆ ಬೇಡಿಕೆಗೆ ಒಂದು ಎಲ್ಲೆಯನ್ನು ತಾವಾಗಿ ಎಳೆದುಕೊಂಡ ಸಿರಿವಂತರು ಇಂದು ಎಷ್ಟು ಮಂದಿ ಸಿಕ್ಕಾರು?

ದಿಗಂಬರರ ‘ಆದಿಪುರಾಣ’ದ ಕಲ್ಪನೆಯಾದರೋ ಇನ್ನೂ ಗಂಭೀರವಾದುದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನನು ಸಂಸ್ಕೃತದಲ್ಲಿ ಹೇಳಿದ ಆ ಕಥೆಯನ್ನು 941ರಲ್ಲಿ ಪಂಪನು ಕನ್ನಡಕ್ಕೆ ತಂದುಕೊಟ್ಟನು. ಮೊದಲು ಭೂಮಿಯು ಭೋಗಭೂಮಿಯಾಗಿತ್ತು. ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತಿದ್ದುವು. ಉತ್ತವರಿಲ್ಲ, ಬಿತ್ತಿದವರಿಲ್ಲ, ಒಕ್ಕಿದವರಿಲ್ಲ. ಕಾಲ ಸವೆದಂತೆ ಆ ವೃಕ್ಷಗಳು ಬಾಡಿದುವು. ಹಸಿದು ಕಂಗೆಟ್ಟ ಜನ ಬಂದು ಮೊರೆಯಿಡಲು, ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಷಟ್ಕರ್ಮಗಳನ್ನು ಬೋಧಿಸಿ ಕರ್ಮಭೂಮಿಯನ್ನು ತೊಡಗಿಸಿದನು. ಎಂದರೆ, ನೇಗಿಲ ಮೊನೆಯಲ್ಲಿ ಸಾಯುವ ಜೀವಗಳನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಎಣಿಸಿದ ಧರ್ಮವೇ, ನೇಗಿಲನ್ನು ಹಿಡಿಯಲು ಕಲಿಸಿದವನು ತನ್ನ ಮೊದಲನೆಯ ತೀರ್ಥಂಕರನೆಂದು ಹೇಳುತ್ತದೆ. ಆತನ ಲಾಂಛನವೂ ಎತ್ತೇ. ಇದಕ್ಕಿಂತ ಆಶ್ಚರ್ಯಕರವಾದುದು ಮುಂದಿನ ಮಾತು. ಜೈನಸಿದ್ಧಾಂತದ ಪ್ರಕಾರ ಭೋಗಭೂಮಿಯಲ್ಲಿ ಹುಟ್ಟಿದವನಿಗೆ ಸುಖವುಂಟು, ದೀರ್ಘಾಯುಷ್ಯವುಂಟು, ಮೋಕ್ಷವಿಲ್ಲ. ಮೋಕ್ಷವು ಸಾಧ್ಯವಾಗುವುದು ಕರ್ಮಭೂಮಿಯಲ್ಲಿ ಮಾತ್ರ. ಹಸಿವು ಇರುವಲ್ಲಿ, ಉಳಲೇಬೇಕಾದಲ್ಲಿ, ಉತ್ತರೆ ಪಾಪವೂ ಉಳದಿದ್ದರೆ ಸಾವೂ ಇರುವಲ್ಲಿ, ಅಲ್ಲಿಯೇ ಬಿಡುಗಡೆಯ ಬಾಗಿಲು. ಪ್ರಪಂಚವನ್ನು ಬೆಳೆಯುವ ನೆಲ, ಬೆಳೆಯದೆಯೇ ಕೊಡುವ ನೆಲ ಎಂದು ಎರಡಾಗಿ ಭಾಗಿಸಿ, ಎರಡನೆಯದಕ್ಕೆ ಮುಕ್ತಿಯಿಲ್ಲವೆಂದು ಸಾರಿದ ಭೂಗೋಲವನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ.

ಈ ಕಥೆಯು ಬರಿಯ ಪುರಾಣವಾಗಿ ಉಳಿಯಲಿಲ್ಲ. ಜೈನರೆಂದರೆ ವರ್ತಕರೆಂದು ತಿಳಿದವರು ಬೆಳಗಾವಿ, ಕೊಲ್ಲಾಪುರ, ಸಾಂಗಲಿಗಳ ಸೀಮೆಯನ್ನು ನೋಡಬೇಕು. ಕೃಷ್ಣೆಯ, ದೂಧಗಂಗೆಯ ದಂಡೆಯ ಎರೆಹೊಲಗಳಲ್ಲಿ ತಲೆತಲಾಂತರದಿಂದ ರೆಂಟೆ ಕುಂಟೆಗಳನ್ನು ಹಿಡಿದುಬಂದ ಚತುರ್ಥ ಜೈನರು ಅಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. ಅಳಿದುಹೋಗುತ್ತಿದ್ದ ದಿಗಂಬರ ಮುನಿಪರಂಪರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಎತ್ತಿ ನಿಲ್ಲಿಸಿದ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲರ ಮನೆತನದಲ್ಲಿ, ಒಕ್ಕಲುತನದ ಮನೆಯಲ್ಲಿ. ದಿನಕ್ಕೊಮ್ಮೆ ನಿಂತು ಅಂಗೈಯಲ್ಲಿಯೇ ಆಹಾರವನ್ನು ಸ್ವೀಕರಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಆ ಮುನಿಗಳ ಬಾಳನ್ನು ಹೊಲದಿಂದ ಹೊರಟು ಅನ್ನತ್ಯಾಗದಲ್ಲಿ ಮುಗಿದ ಒಂದು ನೇರವಾದ ಸಾಲಿನಂತೆ ನೋಡಬಹುದು. ಜೈನರು ಆರಂಭವನ್ನು ಸಮರ್ಥಿಸಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಅದು ಮೆಟ್ಟಿಲಿನ ಕೆಳಗಣ ಹಂತವೆಂದರು. ಮುನಿಯ ಭಿಕ್ಷೆಗೆ ‘ಗೋಚರಿ’ಯೆಂದು ಹೆಸರಿಟ್ಟಿರುವುದರಲ್ಲಿಯೂ ಇದೇ ಭಾವವಿದೆ: ಹಸುವು ಹುಲ್ಲನ್ನು ಬೇರು ಕೀಳದೆ ಮೇಲಿಂದ ಮೇಯುವಂತೆ, ಯಾವ ಮನೆಗೂ ಹೊರೆಯಾಗದೆ, ತನಗಾಗಿ ಅಡಿಗೆ ಮಾಡಿಸದೆ ಉಣ್ಣಬೇಕು.

ವೈದಿಕ ಸ್ಮೃತಿಕಾರರ ಮನಸ್ಸೂ ಈ ವಿಷಯದಲ್ಲಿ ನೆಮ್ಮದಿಯಾಗಿರಲಿಲ್ಲ. ಒಲೆ, ಬೀಸುವಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ ಇವು ಐದನ್ನೂ ಮನು ಗೃಹಸ್ಥನ ಮನೆಯೊಳಗಣ ಕೊಲೆಯ ತಾಣಗಳೆಂದು ಕರೆದು, ಪಂಚಮಹಾಯಜ್ಞಗಳನ್ನು ಅದರ ನಿಷ್ಕೃತಿಯಾಗಿ ವಿಧಿಸುತ್ತಾನೆ. ಕಬ್ಬಿಣದ ಮೊನೆಯುಳ್ಳ ಮರವು ನೆಲವನ್ನೂ ನೆಲದೊಳಗಿನ ಪ್ರಾಣಿಗಳನ್ನೂ ಇರಿಯುತ್ತದೆಂಬ ಕಾರಣದಿಂದ ಆಪತ್ಕಾಲದಲ್ಲಿಯೂ ಬ್ರಾಹ್ಮಣನು ಕೃಷಿಯಿಂದ ದೂರವಿರುವುದು ಲೇಸೆನ್ನುತ್ತಾನೆ. ಪರಾಶರನು ಒಂದು ಹೆಜ್ಜೆ ಮುಂದೆ ಹೋಗಿ, ಬೆಸ್ತನು ಒಂದು ವರ್ಷದಲ್ಲಿ ಗಳಿಸುವ ಪಾಪವನ್ನು ಉಳುವವನು ಒಂದೇ ದಿನದಲ್ಲಿ ಗಳಿಸುತ್ತಾನೆಂದು ಲೆಕ್ಕ ಕಟ್ಟಿ, ಆ ಮೇಲೆ ಪರಿಹಾರವನ್ನೂ ಹೇಳುತ್ತಾನೆ: ರಾಜನಿಗೆ ಆರರಲ್ಲೊಂದು, ದೇವತೆಗಳಿಗೆ ಇಪ್ಪತ್ತೊಂದರಲ್ಲೊಂದು, ಬ್ರಾಹ್ಮಣರಿಗೆ ಮೂವತ್ತರಲ್ಲೊಂದು ಪಾಲನ್ನು ಕಣದಲ್ಲಿಯೇ ಸಲ್ಲಿಸಿದರೆ ಅವನು ಪಾಪಮುಕ್ತನು. ವಿಜಯನಗರದ ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯನು ವಿಸ್ತಾರವಾದ ವ್ಯಾಖ್ಯಾನ ಬರೆದುದು ಈ ಸ್ಮೃತಿಗೇ. ಕಲಿಯುಗದಲ್ಲಿ ಬ್ರಾಹ್ಮಣನಿಗೂ ಕೃಷಿಯನ್ನು ಒಪ್ಪಿಕೊಟ್ಟ ಸ್ಮೃತಿಯಿದು ಎಂಬುದನ್ನು ಮರೆಯಬಾರದು. ಆದರೂ ಪಾಪವನ್ನು ಉಳುವವನ ತಲೆಗೆ ಕಟ್ಟಿ, ಧಾನ್ಯವನ್ನು ಉಳದವರ ಮನೆಗೆ ಕಳುಹಿಸುವ ಈ ಗಣಿತವನ್ನು ಓದಿದಾಗ ನನಗೆ ಕಹಿನಗೆಯೊಂದು ಬರುವುದು.

ಅದೇ ಪರಾಶರನು ಹೇಳುವ ಇನ್ನೊಂದು ಲೆಕ್ಕವಿದೆ. ಎಂಟು ಎತ್ತುಗಳನ್ನು ಹೂಡಿದ ನೇಗಿಲು ಧರ್ಮದ್ದು, ಆರರದು ಜೀವನೋಪಾಯದ್ದು, ನಾಲ್ಕರದು ಕಟುಕರದ್ದು, ಎರಡರದು ಎತ್ತನ್ನೇ ಕೊಲ್ಲಹೊರಟವರದ್ದು. ಎತ್ತಿನ ಮೇಲಣ ಮರುಕ ನಿಜವಾದುದು. ಆದರೆ ಇದನ್ನು ಹೇಳಿದವನ ಕಣ್ಣೆದುರಿಗಿದ್ದ ಮಣ್ಣು ಯಾವುದು? ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿ ಬೇರುಬಿಟ್ಟ ಕರಿಕೆಯನ್ನು ಕೀಳಬೇಕಾದರೆ ದೊಡ್ಡ ರೆಂಟೆಗೆ ಮೂರು ನಾಲ್ಕು ಜೊತೆ ಎತ್ತುಗಳು ಬೇಕೇಬೇಕಾಗಿದ್ದುವು. ಕೋಲಾರದ ಕೆಂಪು ಮರಳುಮಿಶ್ರ ನೆಲದಲ್ಲಿ ಒಂದು ಜೊತೆ ಬಡಕಲು ಎತ್ತು, ಹೆಗಲ ಮೇಲೆ ಹೊತ್ತೊಯ್ಯಬಹುದಾದ ಒಂದು ಮರದ ನೇಗಿಲು ಸಾಕಾಗಿತ್ತು. ಎಂಟೆತ್ತಿನ ಧರ್ಮವನ್ನು ಎರಡೆತ್ತಿನ ನೆಲಕ್ಕೆ ತಂದು, ಎರಡೂವರೆ ಎಕರೆಯ ಬಡವನನ್ನು ಗೋಘಾತಕನೆಂದು ಕರೆದರೆ, ಅಲ್ಲಿ ಧರ್ಮವು ಸೋಲುವುದು ಮಣ್ಣಿನ ಮುಂದೆ. ಸ್ಮೃತಿಗೆ ಮಣ್ಣಿನ ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮಲ್ಲಿ ಬೆಳೆಯದೇ ಹೋಯಿತು.

ಈಗ ಲೆಕ್ಕದ ಮಾತಿಗೇ ಬರೋಣ. ಕೊಲೆ ಅನಿವಾರ್ಯವಾದರೆ ಕಡಿಮೆ ಕೊಲ್ಲುವುದು ಮೇಲಲ್ಲವೇ ಎಂಬ ಯೋಚನೆ ಹಳೆಯದು. ಜೈನರ ‘ಸೂತ್ರಕೃತಾಂಗ’ದಲ್ಲಿ ಹಸ್ತಿತಾಪಸರೆಂಬ ವಿಚಿತ್ರ ಯತಿಗಳು ಬರುತ್ತಾರೆ, ಇತರ ಜೀವಿಗಳ ಮೇಲಣ ದಯೆಯಿಂದ ಅವರು ವರ್ಷಕ್ಕೆ ಒಂದೇ ಒಂದು ಆನೆಯನ್ನು ಬಾಣದಿಂದ ಕೊಂದು, ಅದರ ಮಾಂಸದಿಂದ ವರ್ಷವನ್ನೆಲ್ಲ ಕಳೆಯುವರಂತೆ. ವರ್ಷಕ್ಕೊಂದನ್ನು ಕೊಂದರೂ ಕೊಂದವನು ಕೊಂದವನೇ ಎಂದು ಆರ್ದ್ರಕನೆಂಬ ಮುನಿಯು ಅವರನ್ನು ನಿರಾಕರಿಸುತ್ತಾನೆ. ಇದೆಲ್ಲ ಪುರಾತನ ವಿತಂಡವೆಂದು ತಳ್ಳಿಹಾಕುವಂತಿಲ್ಲ. 2003ರಲ್ಲಿ ಅಮೆರಿಕದ ಓರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಪಶುವಿಜ್ಞಾನಿ ಸ್ಟೀವನ್ ಡೇವಿಸ್ ಎಂಬವರು, ಉಳುಮೆಯಿಂದಲೂ ಕೊಯ್ಲಿನ ಯಂತ್ರಗಳಿಂದಲೂ ಹೊಲದಲ್ಲಿ ಸಾಯುವ ಇಲಿ, ಹಕ್ಕಿ, ಹಾವುಗಳನ್ನು ಎಣಿಸಿದರೆ, ಹುಲ್ಲುಗಾವಲಿನಲ್ಲಿ ಮೇದ ದೊಡ್ಡ ಪಶುವಿನ ಮಾಂಸವನ್ನು ತಿನ್ನುವುದರಿಂದಲೇ ಕಡಿಮೆ ಪ್ರಾಣಹಾನಿಯೆಂದು ವಾದಿಸಿದರು. ಹಸ್ತಿತಾಪಸರು ಎರಡು ಸಾವಿರ ವರ್ಷಗಳ ಮೇಲೆ ಇಂಗ್ಲಿಷಿನಲ್ಲಿ ಮಾತನಾಡಿದಂತಾಯಿತು! ಆರ್ದ್ರಕನ ಸ್ಥಾನದಲ್ಲಿ ನಿಂತು ಅದೇ ವರ್ಷ ಉತ್ತರ ಕೊಟ್ಟ ಗ್ಯಾವೆರಿಕ್ ಮ್ಯಾಥೆನಿ ಎಂಬವರು ತೋರಿಸಿದ ಲೋಪವು ಭೂಗೋಲದ ವಿದ್ಯಾರ್ಥಿಗೆ ಕೂಡಲೇ ಹೊಳೆಯುವಂಥದು: ಡೇವಿಸರು ಎಕರೆಗೆ ಎಷ್ಟು ಜೀವಗಳೆಂದು ಎಣಿಸಿದ್ದರು, ಒಬ್ಬನ ಹೊಟ್ಟೆ ತುಂಬಲು ಎಷ್ಟು ಎಕರೆ ಬೇಕೆಂದು ಎಣಿಸಿರಲಿಲ್ಲ. ಅದೇ ಎಕರೆಯಲ್ಲಿ ಧಾನ್ಯ ಬೆಳೆದರೆ ಉಣ್ಣುವವರು ಹಲವರು, ಪಶು ಮೇಯಿಸಿದರೆ ಉಣ್ಣುವವರು ಕೆಲವರು. ಬಾಯಿಯ ಲೆಕ್ಕ ಹಿಡಿದರೆ ತಕ್ಕಡಿ ಮತ್ತೆ ಧಾನ್ಯದ ಕಡೆಗೇ ವಾಲುತ್ತದೆ.

ಆದರೆ ‘ಅದೇ ಎಕರೆಯಲ್ಲಿ’ ಎಂಬ ಆ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಧಾನ್ಯ ಬೆಳೆಯದ ಎಕರೆಯಿದ್ದರೆ? ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ, ಬಾರ್ಲಿಗೂ ಮಿಗಿಲಾದ ಎತ್ತರದಲ್ಲಿ, ಚಮರೀಮೃಗವನ್ನು ಮೇಯಿಸುವುದಲ್ಲದೆ ಬದುಕಿಗೆ ದಾರಿಯಿಲ್ಲ. ಅಲ್ಲಿಯ ಬೌದ್ಧನು ಮಾಂಸವನ್ನು ತಿನ್ನುತ್ತಾನೆ, ಮತ್ತು ಸಣ್ಣ ಪ್ರಾಣಿಗಳನ್ನು ಹಲವು ಕೊಲ್ಲುವುದಕ್ಕಿಂತ ದೊಡ್ಡದೊಂದರಿಂದ ಹಲವರು ಉಣ್ಣುವುದು ಲೇಸೆಂದು ಹಸ್ತಿತಾಪಸರ ತರ್ಕವನ್ನೇ ಹೇಳುತ್ತಾನೆ. ಅವನನ್ನು ಗಂಗೆಯ ಬಯಲಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಅಷ್ಟು ದೂರ ಹೋಗುವುದೇಕೆ? ನಮ್ಮ ಒಂದೇ ರಾಜ್ಯದೊಳಗೆ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆ, ಚಳ್ಳಕೆರೆಯಲ್ಲಿ 20 ಅಂಗುಲಕ್ಕೂ ಕಡಿಮೆ. ಮುಂಗಾರು ನಂಬುವಂತಿಲ್ಲದ ಆ ಕುರುಚಲು ಬಯಲಿನಲ್ಲಿ ಕುರಿಯೂ ಕಂಬಳಿಯೂ ಬಾಳಿಗೆ ಆಧಾರವಾದುದು ರುಚಿಯಿಂದಾಗಿ ಅಲ್ಲ. ಹೊಲ ಒಣಗಿದ ವರ್ಷವೂ ಕುರಿ ನಡೆದುಕೊಂಡು ಮೇವಿದ್ದಲ್ಲಿಗೆ ಹೋಗಬಲ್ಲುದು, ರಾಗಿಗೆ ಕಾಲಿಲ್ಲ.

ಇತ್ತ ಮಲೆನಾಡಿನ ಅಡಿಕೆತೋಟದ ಸಾತ್ತ್ವಿಕತೆಯನ್ನೂ ಅದರ ಮಣ್ಣನ್ನು ಕೆದಕಿ ನೋಡಬೇಕು. ಉತ್ತರ ಕನ್ನಡದಲ್ಲಿ ತೋಟದೊಡೆಯನಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತುಂಟು. ಆ ಕಾಡಿನ ಸೊಪ್ಪು, ದರಕುಗಳು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ, ತೋಟದ ಬುಡವನ್ನು ಸೇರುತ್ತವೆ. ಕಣ್ಣಿಗೆ ಕಾಣುವ ಒಂದು ಎಕರೆಯ ಹಿಂದೆ ಕಾಣದ ಒಂಬತ್ತು ಎಕರೆಗಳು ನಿಂತಿವೆ. ಯಾವ ಬೆಳೆಯೂ ತನ್ನ ಬೇಲಿಯೊಳಗೆ ಮಾತ್ರ ಬೆಳೆಯುವುದಿಲ್ಲವೆಂಬ ಈ ತಿಳಿವನ್ನು ಅಹಿಂಸೆಯ ಲೆಕ್ಕ ಹಾಕುವವರು ಮೊದಲು ಕಲಿಯಬೇಕು; ಏಕೆಂದರೆ ನೀರಿನ ಕಾಲುವೆ, ಗೊಬ್ಬರದ ಕಾರ್ಖಾನೆ, ಕೀಟನಾಶಕದ ಡಬ್ಬಿ ಇವುಗಳ ಹಿಂದೆ ನಿಂತಿರುವ ಕಾಣದ ಎಕರೆಗಳನ್ನು ಎಣಿಸಿ ಮುಗಿಸಿದವರಾರು?

ದೂರವೂ ಒಂದು ಬಗೆಯ ಬೇಲಿಯೇ. ಜರ್ಮನಿಯ ಮೆಕ್ಲೆನ್‌ಬರ್ಗಿನಲ್ಲಿ ಸ್ವತಃ ಜಮೀನು ಮಾಡಿಸುತ್ತಿದ್ದ ಫಾನ್ ಥ್ಯೂನೆನ್ 1826ರಲ್ಲಿ ಬರೆದ ಗ್ರಂಥವು, ಒಂದು ಪಟ್ಟಣದ ಸುತ್ತ ವ್ಯವಸಾಯವು ಬಳೆಬಳೆಯಾಗಿ ಹೇಗೆ ಹಬ್ಬುವುದೆಂದು ತೋರಿಸಿತು: ಹತ್ತಿರದ ಬಳೆಯಲ್ಲಿ ಬೇಗನೆ ಕೆಡುವ ಹಾಲು ತರಕಾರಿ, ಅದರಾಚೆ ಸೌದೆಯ ಕಾಡು, ಅದರಾಚೆ ಧಾನ್ಯ, ಕಟ್ಟಕಡೆಗೆ ತನ್ನ ಕಾಲ ಮೇಲೆ ತಾನೇ ಪೇಟೆಗೆ ನಡೆದುಬರುವ ಪಶು. ಸಾಗಣೆಯ ಕೂಲಿಯೇ ಇದರ ಸೂತ್ರ. ಆತನಿಗೆ ಧರ್ಮಚಿಂತೆ ಇಲ್ಲಿ ಉದ್ದೇಶವಾಗಿರಲಿಲ್ಲ. ಆದರೂ ಆ ಬಳೆಗಳನ್ನು ನೋಡುವಾಗ, ರಕ್ತವೂ ಬೆವರೂ ಹೆಚ್ಚಾಗಿ ಹರಿಯುವ ಕಸುಬುಗಳು ಉಣ್ಣುವವನ ಕಣ್ಣಿನಿಂದ ದೂರ ದೂರಕ್ಕೆ ಸರಿಯುವುದು ನನಗೆ ಕಾಣುತ್ತದೆ. ಉಗಿಹಡಗು, ರೈಲು, ಶೈತ್ಯಾಗಾರಗಳು ಬಂದ ಮೇಲೆ ಆ ಬಳೆಗಳು ಹಿಗ್ಗಿ ಸಮುದ್ರಗಳನ್ನೂ ದಾಟಿವೆ. ಭಿಕ್ಷುವು ಉಳುತ್ತಿರಲಿಲ್ಲ, ನಿಜ. ಆದರೆ ಉತ್ತವನ ಬಾಗಿಲಿಗೆ ತಾನೇ ನಡೆದುಹೋಗಿ, ಪಾತ್ರೆಯನ್ನು ಚಾಚಿ, ಕೊಟ್ಟವಳ ಕೈಯನ್ನು ನೋಡಿ ಉಣ್ಣುತ್ತಿದ್ದನು. ಪಟ್ಟಣದವರಾದ ನಾವೂ ಉಳದೆ ಉಣ್ಣುವ ಭಿಕ್ಷುಗಳೇ. ಪಾತ್ರೆಯ ಬದಲು ಚೀಲ, ವ್ರತದ ಬದಲು ರಸೀದಿ. ಹಣ ಕೊಟ್ಟೆವೆಂಬ ಒಂದೇ ಕಾರಣದಿಂದ ಆರಂಭದ ಪಾಪವು ಅಂಗಡಿಯಲ್ಲಿಯೇ ತೀರಿತೆಂದು ನಂಬುವುದಾದರೆ, ಪರಾಶರನ ಆರರಲ್ಲೊಂದು ಪಾಲಿನ ಪರಿಹಾರವನ್ನು ನೋಡಿ ನಗಲು ನಮಗೇನು ಅಧಿಕಾರ?

ಲೆಕ್ಕದಿಂದ ಈ ಋಣ ಹರಿಯದೆಂಬುದನ್ನು ಶಾಸ್ತ್ರಜ್ಞರಿಗಿಂತ ಮೊದಲು ಒಕ್ಕಲು ಮಕ್ಕಳು ತಿಳಿದಿದ್ದರೆಂದು ಕಾಣುತ್ತದೆ. ಅವರು ಹಿಂಸೆಯನ್ನು ಅಳೆಯಲು ಹೋಗಲಿಲ್ಲ, ನಡುನಡುವೆ ನಿಲ್ಲಿಸಿದರು. ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಯ ಮೂರು ದಿನಗಳ ಕೆಡ್ಡಸದಲ್ಲಿ ಭೂಮಿಯು ಮೈನೆರೆದಿರುವಳೆಂದು ಭಾವಿಸಿ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿರು ಕೀಳುವುದಿಲ್ಲ. ಕೊನೆಗೆ ನೆಲಕ್ಕೆ ಎಣ್ಣೆ ಬಿಡುತ್ತಾರೆ. ಮಲೆನಾಡಿನಲ್ಲಿ ಭೂಮಿಹುಣ್ಣಿಮೆಯ ದಿನ ಪೈರು ತುಂಬಿದ ಗದ್ದೆಗೆ ಬಸುರಿಯ ಬಯಕೆಯೂಟ. ಉತ್ತರದ ಬಯಲಿನಲ್ಲಿ ಎಳ್ಳಮಾವಾಸ್ಯೆಗೆ ಹೊಲದ ನಾಲ್ಕು ಮೂಲೆಗೂ ಚರಗ. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ಊರುಗಳು ನಮ್ಮಲ್ಲಿ ಎಷ್ಟೋ. ಯೆಹೂದ್ಯರ ಧರ್ಮಶಾಸ್ತ್ರವು ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂದೂ, ಕೊಯ್ಲಿನಲ್ಲಿ ಹೊಲದ ಅಂಚನ್ನು ಬಡವರಿಗೆ ಬಿಡಬೇಕೆಂದೂ ವಿಧಿಸುತ್ತದೆ. ಏಳನೆಯ ವರ್ಷದ ಆ ವಿಶ್ರಾಂತಿಯು ಇಸ್ರೇಲಿನ ನೆಲಕ್ಕೆ ಮಾತ್ರ ಅನ್ವಯಿಸುವುದೆಂದು ಅವರ ಪಂಡಿತರು ಎಲ್ಲೆಯನ್ನೂ ಗುರುತಿಸಿದ್ದಾರೆ. ಆಜ್ಞೆಯು ದೇವರದಾದರೂ ಅದಕ್ಕೆ ಚೆಕ್ಕುಬಂದಿಯುಂಟು. ಸಾರ್ವತ್ರಿಕವೆಂದು ಮೆರೆಯುವ ಧರ್ಮಕ್ಕಿಂತ, ತನ್ನ ಮಳೆಯನ್ನೂ ತನ್ನ ಮಣ್ಣನ್ನೂ ಬಲ್ಲ ಇಂಥ ಧರ್ಮದಲ್ಲಿ ನನಗೆ ಹೆಚ್ಚು ವಿಶ್ವಾಸ.

ಚಿಕ್ಕಂದಿನಲ್ಲಿ ಬೇಸಗೆಯ ರಜೆಗೆ ತಾತನ ಊರಿಗೆ ಹೋಗುತ್ತಿದ್ದೆ. ಬಯಲುಸೀಮೆಯ ಊರು, ಮೊದಲ ಮಳೆ ಬಿದ್ದೊಡನೆ ಮಡಕೆ ಹೊಡೆಯಲು ತೊಡಗುವರು. ತಾತನ ಹಿಂದೆ ನಾನು, ನನ್ನ ಹಿಂದೆ ಬೆಳ್ಳಕ್ಕಿ, ಗೊರವಂಕಗಳು. ಕುಳ ಮಗುಚಿದ ಮಣ್ಣಿನಿಂದ ಹುಳುಗಳನ್ನು ಹೆಕ್ಕುವುದರಲ್ಲಿ ಅವಕ್ಕೆ ಎಲ್ಲಿಲ್ಲದ ಸಡಗರ. ಒಂದು ಬೆಳಿಗ್ಗೆ ಹೊಲದ ನಡುವೆ ಟಿಟ್ಟಿಭದ ಜೋಡಿಯೊಂದು ನಮ್ಮ ತಲೆಯ ಮೇಲೆಯೇ ಕಿರಿಚಿ ಕಿರಿಚಿ ಹಾರತೊಡಗಿತು. ತಾತ ಎತ್ತುಗಳನ್ನು ನಿಲ್ಲಿಸಿ, ಬಗ್ಗಿ ಹುಡುಕಿ, ಹೆಂಟೆಗಳ ನಡುವೆ ಹೆಂಟೆಯ ಬಣ್ಣದವೇ ಆದ ನಾಲ್ಕು ಮೊಟ್ಟೆಗಳನ್ನು ತೋರಿಸಿದನು. ಸುತ್ತ ನಾಲ್ಕು ಕಲ್ಲನ್ನಿಟ್ಟು, ಮೇಣಿಯನ್ನೆತ್ತಿ, ಅಷ್ಟಗಲ ನೆಲವನ್ನು ಬಿಟ್ಟು, ಆಚೆಯಿಂದ ಮತ್ತೆ ಸಾಲು ಹಿಡಿದನು. ನಾನು ಹಿಂದಿರುಗಿ ನೋಡಿದೆ. ಬೆಳ್ಳಕ್ಕಿಗಳು ಆಗಲೇ ಹೊಸ ಸಾಲಿಗೆ ಬಂದಿಳಿದಿದ್ದುವು.

“ತಾತ, ಮೊಟ್ಟೆಗೆ ಬಿಟ್ಟೆ ಸರಿ, ಹುಳುಗಳಿಗೆ?” ಎಂದೆ.

ತಾತ ಕೂಡಲೇ ಏನೂ ಹೇಳಲಿಲ್ಲ. ಸಾಲಿನ ಕೊನೆ ಮುಟ್ಟಿ, ಎತ್ತುಗಳನ್ನು ತಿರುಗಿಸಿ, ಕುಳಕ್ಕೆ ಮೆತ್ತಿದ್ದ ಮಣ್ಣನ್ನು ಬಾರುಕೋಲಿನ ತುದಿಯಿಂದ ಕೆರೆದು ತೆಗೆದನು. ಆ ಮೇಲೆ ಹೊತ್ತನ್ನು ನೋಡಿ, “ಬುತ್ತಿ ಬಂತೇನೋ ನೋಡು ಮಗಾ, ಅಜ್ಜಿ ಬದುವಿನ ಮೇಲೆ ನಿಂತಂಗೈತೆ” ಎಂದನು. ಬಂದಿತ್ತು. ರೊಟ್ಟಿಯ ಮೊದಲ ತುಣುಕನ್ನು ಮುರಿದು, ನೀರು ಚಿಮುಕಿಸಿ, ಆಗತಾನೆ ಉತ್ತ ಸಾಲಿನೊಳಗೆ ಇಟ್ಟು, ಉಳಿದುದನ್ನು ನನ್ನ ಕೈಗೆ ಕೊಟ್ಟನು.